ಚಹರೆ ಪಟ್ಟಿ

‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಎಂಬ ಸಿನಿಮಾ 2016ರಲ್ಲಿ ಬಂದಾಗ ಅದರ ಹೆಸರು ಕೇಳಿಯೇ ನಾನು ನಕ್ಕಿದ್ದೆ. ಪತ್ರಿಕೆಯ ಒಳಪುಟದ ಮೂಲೆಯಲ್ಲಿ ‘ಕಾಣೆಯಾಗಿದ್ದಾರೆ’ ಎಂಬ ತಲೆಬರಹದ ಕೆಳಗೆ, ಮಸುಕು ಫೋಟೋ ಒಂದರ ಪಕ್ಕದಲ್ಲಿ ನಾವೆಲ್ಲ ನೂರಾರು ಸಲ ಓದಿದ ಮಾತು ಅದು. ಕೋಲು ಮುಖ, ಎಣ್ಣೆಗೆಂಪು, ಸಾಧಾರಣ ಮೈಕಟ್ಟು. ಅದನ್ನು ಓದಿಕೊಂಡು ಹೊರಟರೆ ಕಡೂರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಅರ್ಧ ಜನರನ್ನು ಹಿಡಿದು ತರಬೇಕಾಗುತ್ತದೆ. ಇಂಥದ್ದನ್ನು ಒಂದು ಚಿತ್ರಕ್ಕೆ ಹೆಸರಾಗಿ ಇಡುತ್ತಾರೆಯೇ ಎಂದು ನಕ್ಕವಳು, ಕಳೆದ ವರ್ಷ ಅದೇ ಮಾತನ್ನು ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕುಳಿತು ನನ್ನ ಬಾಯಿಂದಲೇ ಹೇಳಿದೆ. ಆ ಕಥೆಗೆ ಆಮೇಲೆ ಬರುತ್ತೇನೆ.

ಸಿನಿಮಾ ನೋಡದವರಿಗಾಗಿ ಎರಡು ಮಾತು. ಹೇಮಂತ್ ಎಂ. ರಾವ್ ಅವರು ನಿರ್ದೇಶಿಸಿದ ಮೊದಲ ಚಿತ್ರ ಅದು. ಅನಂತನಾಗ್ ಅವರದು ವೆಂಕೋಬರಾವ್ ಎಂಬ ಪಾತ್ರ. ಹೆಂಡತಿ ತೀರಿಕೊಂಡಿದ್ದಾಳೆ, ಆಲ್ಝೈಮರ್ ಎಂಬ ಮರೆವಿನ ಕಾಯಿಲೆ ಹಿಡಿದಿದೆ. ಮಗ ಶಿವ ಅಪ್ಪನನ್ನು ಬೆಂಗಳೂರಿನ ಒಂದು ಆರೈಕೆ ಕೇಂದ್ರದಲ್ಲಿ ಬಿಟ್ಟು ಮುಂಬೈಯಲ್ಲಿ ಕೆಲಸದಲ್ಲಿದ್ದಾನೆ. ಒಮ್ಮೆ ಅಪ್ಪನನ್ನು ನೋಡಲು ಬಂದಾಗ, ಒಂದು ಗಳಿಗೆಯ ಅಲಕ್ಷ್ಯದಲ್ಲಿ ಅಪ್ಪ ಎಲ್ಲಿಗೋ ನಡೆದುಹೋಗಿಬಿಡುತ್ತಾರೆ. ಮಗ ಹುಡುಕಲು ಹೊರಡುತ್ತಾನೆ. ಜೊತೆಗೆ ಬರುವವಳು ಅಪ್ಪನನ್ನು ನೋಡಿಕೊಳ್ಳುತ್ತಿದ್ದ ಡಾಕ್ಟರ್ ಸಹನಾ. ನಡುವೆ ಕೊಲೆ, ಗೂಂಡಾಗಳು ಎಲ್ಲ ಇದ್ದಾರೆ. ಅದು ಹಾಗಿರಲಿ. ನನ್ನ ಮನಸ್ಸಿನಲ್ಲಿ ಉಳಿದದ್ದು ಒಂದೇ ಸಂಗತಿ. ಆ ಅಪ್ಪ ಹೆಂಡತಿಯನ್ನು ಹೇಗೆ ಪ್ರೀತಿಸಿದ್ದ, ಏನನ್ನು ನೆನೆದು ನಗುತ್ತಿದ್ದ ಎಂಬುದು ಮಗನಿಗಿಂತ ಹೆಚ್ಚಾಗಿ ಹೊರಗಿನವಳಾದ ಆ ಡಾಕ್ಟರಿಗೆ ಗೊತ್ತು. ಅಪ್ಪನ ಬಣ್ಣ, ಮೈಕಟ್ಟು ಮಗನಿಗೆ ಗೊತ್ತು. ಅಪ್ಪ ಗೊತ್ತಿಲ್ಲ.

ತಂದೆತಾಯಿ ಮತ್ತು ಮಕ್ಕಳ ಕಥೆ ಕನ್ನಡ ಚಿತ್ರಗಳಿಗೆ ಹೊಸದೇನಲ್ಲ. 1958ರ ‘ಸ್ಕೂಲ್ ಮಾಸ್ಟರ್’ ಚಿತ್ರವನ್ನು ನಮ್ಮಮ್ಮ ಟೆಂಟಿನಲ್ಲಿ ನೋಡಿದ್ದರಂತೆ. ಬಿ.ಆರ್. ಪಂತುಲು ಮತ್ತು ಎಂ.ವಿ. ರಾಜಮ್ಮ ಅದರಲ್ಲಿ ಮೇಷ್ಟ್ರು ದಂಪತಿಗಳು. ನಿವೃತ್ತರಾದ ಮೇಲೆ ಅಪ್ಪ ಒಬ್ಬ ಮಗನ ಮನೆಗೆ, ಅಮ್ಮ ಇನ್ನೊಬ್ಬ ಮಗನ ಮನೆಗೆ ಎಂದು ಹಂಚಿಹೋಗುವ ಕಥೆ. 2003ರಲ್ಲಿ ಹಿಂದಿಯ ‘ಬಾಗ್‌ಬಾನ್’, ಅದನ್ನೇ ಕನ್ನಡಕ್ಕೆ ತಂದ 2007ರ ‘ಈ ಬಂಧನ’ ಕೂಡ ಇಂಥವೇ. ಇಂಥ ಚಿತ್ರಗಳನ್ನು ನೋಡಿ ನಾವು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತೇವೆ, ಹಗುರಾಗಿ ಮನೆಗೆ ಬರುತ್ತೇವೆ. ಏಕೆಂದರೆ ಅಲ್ಲಿನ ಮಕ್ಕಳು ಕೆಟ್ಟವರು, ನಾವು ಅವರಂತಲ್ಲ. ‘ಗೋಧಿ ಬಣ್ಣ’ದ ಮಗ ಅಂಥ ಕೆಟ್ಟವನಲ್ಲ. ಅಪ್ಪನಿಗೆ ಊಟ, ಔಷಧಿ, ನೆರಳು ಎಲ್ಲಕ್ಕೂ ಏರ್ಪಾಡು ಮಾಡಿದ್ದಾನೆ. ಆದ್ದರಿಂದಲೇ ಅದು ನೋಡುವವರನ್ನು ಚುಚ್ಚುತ್ತದೆ. ನನಗೆ ಅದು ಚುಚ್ಚಿದ್ದು ಎಂಟು ಒಂಬತ್ತು ವರ್ಷ ತಡವಾಗಿ.

ನಾನು ಹುಟ್ಟಿದ್ದು ತರೀಕೆರೆಯಲ್ಲಿ, ಮದುವೆಯಾಗಿ ಬಂದದ್ದು ಕಡೂರಿಗೆ, ಪಾಠ ಹೇಳುವುದು ಅಜ್ಜಂಪುರದ ಕಡೆ. ನನ್ನ ಲೋಕವೆಲ್ಲ ಬೀರೂರು ಜಂಕ್ಷನ್ನಿನ ಆಚೀಚೆ ಮುಗಿದುಹೋಗುತ್ತದೆ. ಅಪ್ಪ ಹೋದ ಮೇಲೆ ಅಮ್ಮ ಕೆಲವು ವರ್ಷ ತರೀಕೆರೆಯ ಮನೆಯಲ್ಲೇ ಇದ್ದರು. ಒಲೆಯ ಮೇಲೆ ಹಾಲಿಟ್ಟು ಮರೆಯುವುದು, ಒಂದೇ ಮಾತನ್ನು ಹತ್ತು ಸಲ ಕೇಳುವುದು ಶುರುವಾದಾಗ ನಾನು ಕಡೂರಿಗೆ ಕರೆದುಕೊಂಡು ಬಂದೆ. ಈಗ ಅವರಿಗೆ ಎಂಬತ್ತೆರಡು. ಡಾಕ್ಟರು ಈ ಕಾಯಿಲೆಯ ರೀತಿಯನ್ನು ತಿಳಿಸಿ ಹೇಳಿದರು. ಮೊದಲು ಹೋಗುವುದು ನಿನ್ನೆ ಮೊನ್ನೆಯ ನೆನಪು, ಬಹಳ ಹಿಂದಿನದು ತುಂಬಾ ದಿನ ಉಳಿಯುತ್ತದೆ ಎಂದರು. ಬೆಳಿಗ್ಗೆ ತಿಂದ ತಿಂಡಿ ಮರೆತವರು ಮದುವೆಯ ದಿನ ಉಟ್ಟ ಸೀರೆಯ ಅಂಚನ್ನು ವರ್ಣಿಸುವುದು ಇದರಿಂದಲೇ.

ಅಮ್ಮನನ್ನು ನಾನು ಚೆನ್ನಾಗಿ ನೋಡಿಕೊಳ್ಳುತ್ತೇನೆ ಎಂದು ಬೀದಿಯಲ್ಲೆಲ್ಲ ಹೆಸರು. ನನಗೂ ಆ ಹೆಮ್ಮೆ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ. ಹೊತ್ತಿಗೆ ಸರಿಯಾಗಿ ಗಂಜಿ, ವಾರದ ಮಾತ್ರೆಗಳಿಗೆ ಏಳು ಖಾನೆಯ ಡಬ್ಬಿ, ಶನಿವಾರ ಎಣ್ಣೆ ನೀರು. ಹೆಣ್ಣುಮಕ್ಕಳಾದ ನಾವು ಮನೆಯ ಮುದುಕರನ್ನು ನೋಡಿಕೊಳ್ಳುವುದೇ ಹಾಗಲ್ಲವೇ? ಒಂದು ಕಣ್ಣು ಅವರ ಮೇಲೆ, ಇನ್ನೊಂದು ಗಡಿಯಾರದ ಮೇಲೆ.

ಕಳೆದ ವರ್ಷ ಶ್ರಾವಣದ ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ಮನೆಗೆ ಬಂದರೆ ಬಾಗಿಲು ಓರೆಯಾಗಿತ್ತು, ಅಮ್ಮ ಇರಲಿಲ್ಲ. ನಮ್ಮವರು ತೆಂಗಿನಕಾಯಿ ಕೀಳಿಸಲು ತೋಟಕ್ಕೆ ಹೋಗಿದ್ದರು. ಅಮ್ಮನ ಜೊತೆಗಿರಬೇಕಾದ ಹುಡುಗಿ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಹೀಗಾಗಿತ್ತು. ಅಕ್ಕಪಕ್ಕದ ಮನೆ, ದೇವಸ್ಥಾನ, ಮಾರ್ಕೆಟ್ಟು ಎಲ್ಲ ಹುಡುಕಿ, ಕೊನೆಗೆ ಠಾಣೆಗೆ ಹೋದೆವು. ಅಲ್ಲಿದ್ದ ಹುಡುಗ ಒಳ್ಳೆಯವನು, ಕುಳಿತುಕೊಳ್ಳಿ ಎಂದು ನೀರು ಕೊಟ್ಟು ಬರೆದುಕೊಳ್ಳತೊಡಗಿದ.

‘ಬಣ್ಣ?’

‘ಗೋಧಿ ಬಣ್ಣ.’

‘ಮೈಕಟ್ಟು?’

‘ಸಾಧಾರಣ.’

ಬಾಯಿಂದ ಮಾತು ಬಿದ್ದ ಕೂಡಲೇ ಎದೆಯೊಳಗೆ ಏನೋ ಕಳಚಿದಂತಾಯಿತು. ಉಟ್ಟ ಸೀರೆ ಯಾವುದು ಎಂದು ಕೇಳಿದ. ಬೆಳಿಗ್ಗೆ ಆ ಸೀರೆಯನ್ನು ತೆಗೆದುಕೊಟ್ಟವಳು ನಾನೇ, ಆದರೆ ನೆನಪಾಗಲಿಲ್ಲ. ನೀಲಿಯೋ ಹಸಿರೋ ಎಂದೆ. ಗುರುತಿನ ಚಿಹ್ನೆ ಏನಾದರೂ ಉಂಟೇ ಎಂದ. ಎಷ್ಟೋ ವರ್ಷ ಹತ್ತನೇ ತರಗತಿಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕೈ ತೋರಿಸು, ಕುತ್ತಿಗೆ ತೋರಿಸು ಎಂದು ಮಚ್ಚೆ ಹುಡುಕಿ ಅರ್ಜಿಯಲ್ಲಿ ಬರೆದವಳು ನಾನು. ನನ್ನ ತಾಯಿಯ ಮೈಮೇಲೆ ಮಚ್ಚೆ ಎಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ.

ನನ್ನ ಹಳೆಯ ವಿದ್ಯಾರ್ಥಿ, ಈಗ ಆಟೋ ಓಡಿಸುವವನು, ಫೋನು ಮಾಡಿದ. ‘ಮಿಸ್, ಅಜ್ಜಿ ರೈಲ್ವೆ ಸ್ಟೇಷನ್ನಿನಲ್ಲಿ ಕೂತಿದ್ದಾರೆ.’ ಓಡಿದೆವು. ಪ್ಲಾಟ್‌ಫಾರಂನ ಕಲ್ಲುಬೆಂಚಿನ ಮೇಲೆ ಅಮ್ಮ ತಲೆ ಬಾಚಿಕೊಂಡು ನೆಟ್ಟಗೆ ಕುಳಿತಿದ್ದರು. ಮಡಿಲಲ್ಲಿ ತರಕಾರಿ ಚೀಲ, ಅದರೊಳಗೆ ಎರಡು ಸೀರೆ, ಒಂದು ಬಾಚಣಿಗೆ. ಪಕ್ಕದಲ್ಲಿ ಸೌತೆಕಾಯಿ ಮಾರುವ ಹೆಂಗಸೊಬ್ಬಳು ಬುಟ್ಟಿ ಇಳಿಸಿಕೊಂಡು ಕಾವಲಿಗೆ ಕುಳಿತಂತೆ ಕುಳಿತಿದ್ದಳು. ನನ್ನನ್ನು ನೋಡಿ ಗದರಿದಳು. ‘ಎರಡು ಗಂಟೆ ಆಯ್ತು ಕಣಮ್ಮ. ಶಿವಮೊಗ್ಗದ ರೈಲಿಗೆ ಕಾಯ್ತಾ ಇದಾರೆ. ಮೇಷ್ಟ್ರು ಟ್ರೈನಿಂಗಿಗೆ ಹೋಗಬೇಕಂತೆ, ಕಾಗದ ಬಂದಿದೆಯಂತೆ. ಟ್ರಂಕು ಮನೇಲೇ ಉಳೀತು ಅಂತ ಪೇಚಾಡ್ತಾ ಇದಾರೆ. ತಗೊಂಡು ಬಂದಿದೀಯಾ?’

ಕಾಯಿಲೆಯ ಮಾತು ಎಂದುಕೊಂಡೆ. ಆದರೆ ‘ಟ್ರಂಕು’ ಎಂಬ ಮಾತು ಮುಳ್ಳಿನಂತೆ ಒಳಗೆ ಉಳಿಯಿತು. ಮುಂದಿನ ವಾರ ಶಾಲೆ ಬಿಟ್ಟ ಮೇಲೆ ಅಜ್ಜಂಪುರದಲ್ಲಿರುವ ಚಿಕ್ಕಮ್ಮನ ಮನೆಗೆ ಹೋಗಿ ಕೇಳಿದೆ. ಹೂ ಕಟ್ಟುತ್ತಿದ್ದ ಚಿಕ್ಕಮ್ಮ ಕೈ ನಿಲ್ಲಿಸದೆಯೇ ಹೇಳಿದರು. ‘ಹೌದು, ಅಕ್ಕನಿಗೆ ಟ್ರೈನಿಂಗಿಗೆ ಸೀಟಾಗಿತ್ತು. ಟ್ರಂಕು ಕಟ್ಟಿ ಇಟ್ಟಿದ್ದಳು. ಅಷ್ಟರಲ್ಲಿ ಗಂಡಿನ ಕಡೆಯವರು ಒಪ್ಪಿಗೆ ಹೇಳಿ ಕಳಿಸಿದರು. ಅಲ್ಲಿಗೆ ಮುಗೀತು. ಆ ಟ್ರಂಕಿಗೆ ಹಪ್ಪಳ ಸಂಡಿಗೆ ತುಂಬಿಟ್ಟರು. ಅದೆಲ್ಲ ಈಗ ಯಾಕೆ?’

ಈಗ ಯಾಕೆ ಎಂದರೆ, ಆ ಕಪ್ಪು ಟ್ರಂಕಿನ ಹಪ್ಪಳವನ್ನು ಖಾಲಿ ಮಾಡಿ, ಒರೆಸಿ, ನನ್ನ ಬಟ್ಟೆ ಪುಸ್ತಕ ಜೋಡಿಸಿಕೊಟ್ಟದ್ದು ಅಮ್ಮ. 1991ರಲ್ಲಿ ನಾನು ಬಿ.ಎಡ್. ಓದಲು ಶಿವಮೊಗ್ಗಕ್ಕೆ ಹೊರಟಾಗ ಅದೇ ಟ್ರಂಕು ನನ್ನ ಜೊತೆ ಬಂತು. ತರೀಕೆರೆ ಸ್ಟೇಷನ್ನಿನಲ್ಲಿ ಅಮ್ಮ ಬಿಕ್ಕಿ ಬಿಕ್ಕಿ ಅತ್ತರು. ಜನರೆಲ್ಲ ನೋಡುತ್ತಿದ್ದರು, ನನಗೆ ನಾಚಿಕೆ, ಸಿಟ್ಟು. ಮಗಳು ಓದುವುದು ಇವರಿಗೆ ಬೇಕಿಲ್ಲ, ಮದುವೆ ಮಾಡಿ ಕಳಿಸಿದರೆ ಸಾಕು ಎಂದಿದ್ದಾರೆ ಎಂದು ತೀರ್ಮಾನಿಸಿದೆ. ಒಂದು ದಿನದ ತೀರ್ಮಾನವಲ್ಲ ಅದು. ಮೂವತ್ತಮೂರು ವರ್ಷ ಅದನ್ನೇ ಹೇಳಿಕೊಂಡು ಬಂದೆ. ಸ್ಟಾಫ್ ರೂಮಿನಲ್ಲಿ, ಮಹಿಳಾ ಸಮಾಜದ ಭಾಷಣದಲ್ಲಿ, ನನ್ನ ಮಗನ ಎದುರಿನಲ್ಲಿ, ಒಮ್ಮೊಮ್ಮೆ ಅಮ್ಮನ ಎದುರಿನಲ್ಲೇ ಹೇಳಿದ್ದೇನೆ. ‘ನಮ್ಮಮ್ಮನಿಗೆ ಓದಿನ ಬೆಲೆ ಗೊತ್ತಿರಲಿಲ್ಲ. ಅತ್ತರೂ ಬಿಡದೆ ಹಠ ಹಿಡಿದು ಹೋದದ್ದರಿಂದ ನಾನು ಈಗ ನಿಮ್ಮ ಮುಂದೆ ನಿಂತಿದ್ದೇನೆ.’ ಅಮ್ಮ ಕೇಳಿ ಸುಮ್ಮನೆ ಒಳಗೆ ಹೋಗುತ್ತಿದ್ದರು.

ನನ್ನನ್ನು ಈಗ ಕಾಡುವ ಪ್ರಶ್ನೆ ಇದು. ಅಮ್ಮನಿಗೆ ನಾನು ಸಲ್ಲಿಸಬೇಕಾದದ್ದನ್ನು ಸಲ್ಲಿಸಿದ್ದೇನೆಯೇ? ಅನ್ನ ಕೊಟ್ಟಿದ್ದೇನೆ, ಔಷಧಿ ಕೊಟ್ಟಿದ್ದೇನೆ, ಹೇಸಿಕೆಯಿಲ್ಲದೆ ಮೈ ತೊಳೆದಿದ್ದೇನೆ. ಸೇವೆ ಮಾಡಿದವಳು ನಾನೇ, ಅವರ ವಿಷಯದಲ್ಲಿ ಊರೆದುರಿಗೆ ಸುಳ್ಳುಸಾಕ್ಷಿ ಹೇಳಿದವಳೂ ನಾನೇ. ಸೇವೆಯಿಂದ ಆ ಸುಳ್ಳು ತೊಳೆದುಹೋಗುತ್ತದೆಯೇ?

ಹೆತ್ತವರನ್ನು ನೋಡಿಕೊಳ್ಳುವುದು ಮಕ್ಕಳ ಕರ್ತವ್ಯ ಎಂದು ಹಿರಿಯರು ಹೇಳಿದ್ದಾಯಿತು. ಪಿತೃಋಣ ಎಂದರು. ಸಾಲದಂತೆ ಅದಕ್ಕೊಂದು ಲೆಕ್ಕವಿದೆ ಎಂದರು. ಸಾಲದ್ದಕ್ಕೆ 2007ರಲ್ಲಿ ಪಾರ್ಲಿಮೆಂಟು ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗೆ ಕಾಯಿದೆಯನ್ನೇ ಮಾಡಿತು. ಮಕ್ಕಳು ನೋಡಿಕೊಳ್ಳದಿದ್ದರೆ ಹಿರಿಯರು ಉಪವಿಭಾಗಾಧಿಕಾರಿ ಮಟ್ಟದ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ತಿಂಗಳಿಗೆ 10,000 ರೂಪಾಯಿಯ ಮಿತಿಯೊಳಗೆ ಜೀವನಾಂಶ ಕೊಡುವಂತೆ ಆ ಕಾಯಿದೆಯ ಪ್ರಕಾರ ಆಜ್ಞೆಯಾಗಬಹುದು. ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟ ಮಕ್ಕಳಿಂದ ಆ ದಾನಪತ್ರವನ್ನೇ ರದ್ದುಮಾಡಿಸಬಹುದು. ಓದುಗ ಸೋದರಿಯರಲ್ಲಿ ಯಾರಿಗಾದರೂ ಇದು ಉಪಯೋಗಕ್ಕೆ ಬರಬಹುದೆಂದು ಬರೆದಿದ್ದೇನೆ. ಮನೆ ಬರೆದುಕೊಡುವ ಮುಂಚೆ ಆ ಷರತ್ತನ್ನು ಪತ್ರದಲ್ಲಿ ಕಾಣಿಸುವುದನ್ನು ಮರೆಯಬೇಡಿ.

ಕಾಯಿದೆ ಬೇಕು. ನಮ್ಮ ಕಡೂರು ಸೀಮೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಬಾಬಾಬುಡನ್‌ಗಿರಿಯ ಕಡೆಯಿಂದ ಬಂದ ನೀರು ಅಯ್ಯನಕೆರೆಗೆ, ಮದಗದ ಕೆರೆಗೆ ತುಂಬಿ, ಕೋಡಿ ಬಿದ್ದು, ವೇದಾವತಿಯಾಗಿ ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರದವರೆಗೂ ಹೋಗುತ್ತದೆ. ಅದಕ್ಕೆ ಯಾರ ಬಲವಂತವೂ ಬೇಡ, ಇಳಿಜಾರು ಸಾಕು. ತಾಯಿಯ ಮಮತೆ ಮಕ್ಕಳ ಕಡೆಗೆ ಹರಿಯುವುದು ಹಾಗೆ. ಅದೇ ನೀರನ್ನು ಮೇಲಕ್ಕೆ ಎತ್ತಬೇಕಾದರೆ ಪಂಪ್‌ಸೆಟ್ಟು ಬೇಕು, ಕರೆಂಟು ಬೇಕು. ಮಕ್ಕಳ ಮಮತೆ ಹೆತ್ತವರ ಕಡೆಗೆ ಹತ್ತುವುದು ಹಾಗೆ. ಧರ್ಮಶಾಸ್ತ್ರ, ಲೋಕಾಪವಾದದ ಭಯ, ಕಾಯಿದೆ ಎಲ್ಲವೂ ಪಂಪ್‌ಸೆಟ್ಟುಗಳೇ. ಅವು ಎತ್ತಿಕೊಡುವುದು ಅನ್ನ, ಬಟ್ಟೆ, ಹಣವನ್ನು. ‘ಒಂದು ಗಳಿಗೆ ಅಮ್ಮನ ಪಕ್ಕ ಕುಳಿತು, ನೀನು ಯಾರು ಎಂದು ಕೇಳು’ ಎಂದು ಯಾವ ನ್ಯಾಯಮಂಡಳಿಯೂ ಆಜ್ಞೆ ಮಾಡಲಾರದು.

ಸ್ಟಾಫ್ ರೂಮಿನಲ್ಲಿ ಈ ಮಾತು ಬಂದಾಗ ಸಹೋದ್ಯೋಗಿಯೊಬ್ಬರು, ‘ಅವರು ಹೇಳಲಿಲ್ಲ, ನಿಮಗೆ ಹೇಗೆ ಗೊತ್ತಾಗಬೇಕು? ಸುಮ್ಮನೆ ಯಾಕೆ ಕೊರಗುತ್ತೀರಿ?’ ಎಂದು ಸಮಾಧಾನ ಹೇಳಿದರು. ಮಾತು ನಿಜ. ಆದರೆ ಅವರು ಹೇಳಲಿಲ್ಲ ಎಂಬಷ್ಟೇ ನಾನು ಕೇಳಲಿಲ್ಲ ಎಂಬುದೂ ನಿಜ. ಸೌತೆಕಾಯಿ ಮಾರುವವಳಿಗೆ ಎರಡು ಗಂಟೆಯಲ್ಲಿ ತಿಳಿದದ್ದು ನನಗೆ ಐವತ್ತು ವರ್ಷ ತಿಳಿಯಲಿಲ್ಲ. ಅವಳು ಮಾಡಿದ್ದಿಷ್ಟೇ: ಬುಟ್ಟಿ ಇಳಿಸಿ ಪಕ್ಕದಲ್ಲಿ ಕುಳಿತು, ‘ಎಲ್ಲಿಗೆ ಹೋಗಬೇಕು?’ ಎಂದು ಕೇಳಿದಳು. ಅಮ್ಮನನ್ನು ಆ ಪ್ರಶ್ನೆ ಕೇಳಬಹುದು ಎಂದು ನನಗೆ ಎಂದೂ ಅನ್ನಿಸಿರಲಿಲ್ಲ. ಅಮ್ಮ ಎಲ್ಲಿಗಾದರೂ ಹೋಗಬೇಕೆಂದಿದ್ದವರು ಎಂಬುದೇ ನನ್ನ ಊಹೆಗೆ ಮೀರಿದ್ದು. ಅಮ್ಮ ಎಂದರೆ ನಾವು ಹೋಗಿ ವಾಪಸು ಬರುವ ಜಾಗ.

ಎಂಟನೇ ತರಗತಿಗೆ ಪ್ರತಿವರ್ಷ ‘ನನ್ನ ತಾಯಿ’ ಎಂಬ ಪ್ರಬಂಧ ಬರೆಸುತ್ತೇನೆ. ನಲವತ್ತು ನೋಟ್‌ಬುಕ್ಕಿನಲ್ಲೂ ಒಬ್ಬಳೇ ತಾಯಿ. ಬೆಳಿಗ್ಗೆ ಬೇಗ ಏಳುತ್ತಾರೆ, ರುಚಿಯಾದ ಅಡುಗೆ ಮಾಡುತ್ತಾರೆ, ನನ್ನನ್ನು ತುಂಬಾ ಪ್ರೀತಿಸುತ್ತಾರೆ. ಕಾಗುಣಿತ ತಿದ್ದಿ ಸಹಿ ಹಾಕುತ್ತಿದ್ದೆ. ಈಗ ಯೋಚಿಸಿದರೆ ಅದೂ ಒಂದು ಚಹರೆ ಪಟ್ಟಿಯೇ. ಈ ವರ್ಷ ಬದಲಾಯಿಸಿದೆ. ‘ನಿಮಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ನಿಮ್ಮ ತಾಯಿಯನ್ನು ಕೇಳಿ ಬರೆಯಿರಿ’ ಎಂದೆ. ಒಬ್ಬ ಹುಡುಗನ ತಾಯಿ ಚಿಕ್ಕಂದಿನಲ್ಲಿ ಭದ್ರಾ ಕಾಲುವೆಯಲ್ಲಿ ಹುಡುಗರನ್ನು ಸೋಲಿಸಿ ಈಜುತ್ತಿದ್ದಳಂತೆ. ಒಬ್ಬಳ ತಾಯಿಗೆ ಕತ್ತಲೆಂದರೆ ಈಗಲೂ ಭಯವಂತೆ. ದಿನವೂ ತನ್ನನ್ನು ಧೈರ್ಯ ಹೇಳಿ ಮಲಗಿಸುವವಳು ಅವಳೇ ಎಂದು ಆ ಹುಡುಗಿ ಬೆರಗಿನಿಂದ ಬರೆದಿದ್ದಳು.

ನಾಲ್ಕನೆಯ ದಿನ ಒಬ್ಬ ತಾಯಿ ಶಾಲೆಗೆ ಬಂದರು. ಸಿಟ್ಟೇನೂ ಇರಲಿಲ್ಲ. ಆದರೆ ಕಣ್ಣು ಕೆಂಪಾಗಿತ್ತು. ‘ಮಿಸ್, ಮಕ್ಕಳ ಕೈಲಿ ಇಂಥದ್ದೆಲ್ಲ ಕೇಳಿಸಬೇಡಿ. ಹೇಳೋಕೆ ಆಗದೇ ಇರೋದೂ ಇರುತ್ತೆ’ ಎಂದರು. ನಾನು ಕೈಮುಗಿದು ತಪ್ಪಾಯಿತು ಎಂದೆ. ಅವರ ಮಗಳಿಗೆ ಬೇರೆ ವಿಷಯ ಕೊಟ್ಟೆ.

ಆ ದಿನ ಊಟ ಸೇರಲಿಲ್ಲ. ತಿಳಿಯದಿರುವುದು ತಪ್ಪು ಎಂದುಕೊಂಡಿದ್ದವಳಿಗೆ, ಬಲವಂತವಾಗಿ ತಿಳಿಯಲು ಹೋಗುವುದೂ ತಪ್ಪು ಎಂದು ಗೊತ್ತಾಯಿತು. ಸಂಸಾರಕ್ಕಾಗಿ ಎಲ್ಲವನ್ನೂ ಬಿಟ್ಟುಕೊಟ್ಟ ಹೆಂಗಸು ತನ್ನದೆಂದು ಉಳಿಸಿಕೊಂಡದ್ದು ಆ ಒಂದು ಮೌನವೇ ಇರಬಹುದು. ನಮ್ಮಮ್ಮನೂ ಬೇಕೆಂದೇ ಹೇಳದೆ ಇದ್ದಿರಬಹುದು. ಹೇಳಿದ್ದರೆ ನನ್ನ ಓದು ನನ್ನದಾಗಿ ಉಳಿಯದೆ ಅವರ ಸಾಲವಾಗಿಬಿಡುತ್ತಿತ್ತು. ಆ ಭಾರ ನನ್ನ ಮೇಲೆ ಬೀಳದಿರಲಿ ಎಂದು ಹಪ್ಪಳದ ಟ್ರಂಕನ್ನು ಒರೆಸಿ ಕೊಟ್ಟು, ಅದರ ಕಥೆಯನ್ನು ಮಾತ್ರ ತಮ್ಮ ಹತ್ತಿರ ಇಟ್ಟುಕೊಂಡರೋ ಏನೋ.

ಹಾಗಾದರೆ ಮಕ್ಕಳು ಮಾಡಬೇಕಾದದ್ದೇನು? ನನಗೆ ತೋಚಿದಷ್ಟು ಹೇಳುತ್ತೇನೆ. ಹೆತ್ತವರ ಬದುಕಿನಲ್ಲಿ ನಮಗೆ ಕಾಣದ ಒಂದು ಕೋಣೆ ಇದೆ ಎಂದು ತಿಳಿದಿರಬೇಕು. ಆಗಾಗ ಅದರ ಬಾಗಿಲು ತಟ್ಟಬೇಕು. ತೆರೆಯುವುದು ಬಿಡುವುದು ಅವರಿಗೆ ಸೇರಿದ್ದು. ಅವರು ತೆರೆಯದಿದ್ದರೆ, ಒಳಗೆ ಏನೂ ಇಲ್ಲ ಎಂದು ಊರಿಗೆಲ್ಲ ಸಾರಿಕೊಂಡು ಬರಬಾರದು. ನಾನು ಮಾಡಿದ ತಪ್ಪು ಅದು. ಅಮ್ಮನ ಕಣ್ಣೀರಿನ ಅರ್ಥ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಸುಮ್ಮನಿರಬಹುದಿತ್ತು. ಸುಮ್ಮನಿರದೆ ಅರ್ಥ ಕಟ್ಟಿದೆ, ಕಟ್ಟಿದ ಅರ್ಥದ ಮೇಲೆ ನಿಂತು ಚಪ್ಪಾಳೆಯನ್ನೂ ತೆಗೆದುಕೊಂಡೆ.

ನನ್ನ ಮಗ ಬೆಂಗಳೂರಿನಲ್ಲಿದ್ದಾನೆ. ದಿನಾ ರಾತ್ರಿ ಒಂಬತ್ತಕ್ಕೆ ಫೋನು. ಊಟ ಆಯಿತೇ, ಬಿ.ಪಿ. ಮಾತ್ರೆ ತೆಗೆದುಕೊಂಡೆಯಾ, ಅಜ್ಜಿ ಹೇಗಿದ್ದಾರೆ. ಒಳ್ಳೆಯ ಹುಡುಗ. ಈಚೆಗೆ ಒಂದು ದಿನ ಅವನಿಗೆ ಈ ಟ್ರಂಕಿನ ಕಥೆಯನ್ನೆಲ್ಲ ಹೇಳಿದೆ. ಅವನೆದುರಿಗೆ ಅಜ್ಜಿಯ ಬಗ್ಗೆ ನಾನು ಹೇಳುತ್ತಿದ್ದ ಮಾತು ಸುಳ್ಳು ಎಂದು ಹೇಳಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಅಮ್ಮಾ, ನಿನಗೆ ಟೀಚರ್ ಆಗಲು ನಿಜವಾಗಿ ಇಷ್ಟವಿತ್ತಾ?’ ಎಂದು ಕೇಳಿದ. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಕೇಳಿದ ಪ್ರಶ್ನೆ. ನಾಳೆ ಹೇಳುತ್ತೇನೆ ಎಂದೆ. ಇನ್ನೂ ಹೇಳಿಲ್ಲ. ನನಗೂ ಒಂದು ಕೋಣೆ ಇದೆ ಎಂದು ಅವತ್ತೇ ನನಗೆ ಗೊತ್ತಾದದ್ದು.

ಅಮ್ಮ ಈಗ ನನ್ನನ್ನು ಗುರುತಿಸುವ ದಿನಗಳೂ ಇವೆ, ಗುರುತಿಸದ ದಿನಗಳೂ ಇವೆ. ಮೊನ್ನೆ ಸಂಜೆ ತಲೆ ಬಾಚುತ್ತಿದ್ದಾಗ ಕಿವಿಯ ಹಿಂದೆ ಕಡಲೆಬೇಳೆಯಷ್ಟು ಮಚ್ಚೆ ಕಂಡಿತು. ಠಾಣೆಯಲ್ಲಿ ಹೇಳಲಾಗದೆ ಹೋದದ್ದು. ಅದನ್ನು ನೋಡುತ್ತಾ ನಿಂತಿದ್ದಾಗ ಅಮ್ಮ ತಿರುಗಿ, ಹೊಸಬರನ್ನು ಮಾತನಾಡಿಸುವ ಮರ್ಯಾದೆಯಲ್ಲಿ ಕೇಳಿದರು.

‘ನೀವು ಏನು ಕೆಲಸ ಮಾಡ್ತೀರಿ?’

‘ಟೀಚರ್, ಅಮ್ಮ.’

‘ಒಳ್ಳೆಯ ಕೆಲಸ’ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮನೆಯವರು ಕಳಿಸಿದರಾ?’ ಎಂದು ಕೇಳಿದರು.

‘ನಮ್ಮಮ್ಮ ಕಳಿಸಿದರು. ಟ್ರಂಕು ಅವರೇ ಕಟ್ಟಿಕೊಟ್ಟರು’ ಎಂದೆ.

ಅಮ್ಮ ತಲೆಯಾಡಿಸಿ ಮುಂದಕ್ಕೆ ತಿರುಗಿದರು. ನಾನು ಜಡೆ ಹೆಣೆದೆ. ಮೂವತ್ತಮೂರು ವರ್ಷ ತಪ್ಪಾಗಿ ಹೇಳಿದ್ದನ್ನು ಸರಿಯಾಗಿ ಹೇಳಿದ್ದು ಅದೇ ಮೊದಲು. ಅವರಿಗೆ ತಿಳಿಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೆ ಇನ್ನು ಮೇಲೆ ಯಾರು ಕೇಳಿದರೂ ಹಾಗೆಯೇ ಹೇಳುತ್ತೇನೆ.